ಸುಣ್ಣದ ಗೆರೆಯ ಮನೆ

"ಗುರುಗಳೇ, ಕಾಲ ಬದಲಾಗುವಾಗ ಹತ್ತು ಜನರನ್ನು ನಡೆಸುವವನಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ದೂರದೃಷ್ಟಿ ಅಲ್ಲವೇ?" ಎಂದು ಚೆನ್ನಮಲ್ಲಯ್ಯ ಕೇಳಿದ.

ಮಠದ ಊಟದ ಮನೆಯ ಉಸ್ತುವಾರಿ ಅವನದು. ಸಾವಿರ ಜನ ಒಟ್ಟಿಗೆ ಕೂತು ಉಣ್ಣುವಂಥ ಹೊಸ ಊಟದ ಮನೆಯ ನಕ್ಷೆಯನ್ನು ಅವನು ಆರು ತಿಂಗಳಿಂದ ಬರೆಸುತ್ತಿದ್ದ. ಈಗಲೂ ಅದು ಸುರುಳಿಯಾಗಿ ಅವನ ಕಂಕುಳಲ್ಲಿತ್ತು. ಗುರುಗಳು ಆಗತಾನೇ ಬಂದು ಜಗಲಿಯ ಮೇಲೆ ಕೂತಿದ್ದರು. ಅವರ ಹೆಗಲ ಮೇಲೆ ಗೆದ್ದಲು ಮಣ್ಣು ಉದುರಿತ್ತು. ಶಿಷ್ಯ ಅದನ್ನು ಗಮನಿಸಲಿಲ್ಲ.

"ದೂರದೃಷ್ಟಿ ಇದ್ದವನೊಬ್ಬನ ಕತೆ ಹೇಳುತ್ತೇನೆ, ಕೇಳು," ಎಂದರು ಗುರುಗಳು. "ಹೇಳುವಾಗೆಲ್ಲ ನನಗೆ ಮೈ ಉರಿಯುತ್ತದೆ. ನಡುವೆ ಬಾಯಿ ಹಾಕಬೇಡ."

ಹೊಳೆಯ ದಡದಲ್ಲಿ ಅಂಬಿಗರ ಊರೊಂದಿತ್ತು. ಅರವತ್ತು ಮನೆ. ಹರಿಗೋಲು ಹಾಕಿ ಜನರನ್ನು ದಾಟಿಸುವುದು ಅವರ ಕಸುಬು. ಊರಿಗೊಬ್ಬ ಯಜಮಾನ. ಅಲ್ಲಿ ಒಂದು ಕಟ್ಟಳೆ ಇತ್ತು. ಊರು ಜಾಗ ಬದಲಿಸಬೇಕಾಗಿ ಬಂದರೆ ಯಜಮಾನ ಮೊದಲು ತನ್ನ ಮನೆಯ ಒಲೆಯ ಮೂರು ಕಲ್ಲುಗಳನ್ನು ಎತ್ತಿ ಹೊಸ ಜಾಗದಲ್ಲಿ ಇಡಬೇಕು. ಅವನ ಒಲೆ ಕದಲುವ ತನಕ ಬೇರೆ ಯಾರ ಒಲೆಯೂ ಕದಲುವಂತಿಲ್ಲ. ಹಿಂದೊಮ್ಮೆ ಊರು ಎದ್ದಾಗ ಕಾಲಲ್ಲಿ ಬಲವಿದ್ದವರು ಮುಂದೆ ಓಡಿ ಒಳ್ಳೆಯ ಜಾಗ ಹಿಡಿದಿದ್ದರು. ಮುದುಕರು, ಬಾಣಂತಿಯರು ತಗ್ಗಿನಲ್ಲೇ ಉಳಿದಿದ್ದರು. ಅದಕ್ಕೇ ಹಿರಿಯರು ಹೀಗೆ ಕಟ್ಟು ಮಾಡಿದ್ದರು. ಕಟ್ಟಳೆಯಲ್ಲಿ ತಪ್ಪೇನೂ ಇರಲಿಲ್ಲ.

ಯಜಮಾನ ದಿನವೂ ಗುಡ್ಡ ಹತ್ತಿ ಹೊಳೆಯನ್ನು ನೋಡುತ್ತಿದ್ದ. ಒಂದು ಬೇಸಿಗೆಯಲ್ಲಿ ಬೇರೆ ಯಾರಿಗೂ ಕಾಣದ್ದು ಅವನಿಗೆ ಕಂಡಿತು. ಮೇಲುಗಡೆಯ ತಿರುವಿನಲ್ಲಿ ಹೊಳೆ ದಡವನ್ನು ಕೊರೆಯುತ್ತಿತ್ತು. ದಡದಾಚೆಗೆ ಹೊಳೆಯ ಹಳೆಯ ಪಾತ್ರವಿತ್ತು. ಆ ಪಾತ್ರ ಊರಿನ ತಗ್ಗಿನ ಕೇರಿಗಳ ನಡುವೆಯೇ ಹಾದುಹೋಗಿತ್ತು. ಈ ಮಳೆಗಾಲದಲ್ಲಿ ನೀರು ಆ ದಾರಿ ಹಿಡಿಯುತ್ತದೆ ಎಂದು ಅವನು ಅಂದಾಜು ಮಾಡಿದ. ಅಂದಾಜು ಸರಿಯಾಗಿಯೇ ಇತ್ತು. ಅವನು ಮೂರ್ಖನಲ್ಲ. ಮೂರ್ಖನಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಅವನು ಊರನ್ನು ಸೇರಿಸಿ ವಿಷಯ ತಿಳಿಸಿದ. ಇಂಥ ಯಜಮಾನ ಸಿಕ್ಕಿದ್ದು ನಮ್ಮ ಪುಣ್ಯ ಎಂದು ಜನ ಕೈಮುಗಿದರು. ದಿಬ್ಬದ ಮೇಲಿನ ಚಾವಡಿಯ ನೆಲದಲ್ಲಿ ಅವನು ಸುಣ್ಣದ ಪುಡಿಯಿಂದ ಹೊಸ ಊರನ್ನು ಬರೆಯತೊಡಗಿದ. ಗುಡ್ಡದ ಮೇಲೆ ಮೂರು ಬೀದಿ, ಅರವತ್ತು ಮನೆ, ಒಂದು ಗುಡಿ, ಒಂದು ಬಾವಿ. ಒಂದೊಂದು ಮನೆಗೂ ಬಾಗಿಲು ಯಾವ ಕಡೆ, ಒಲೆ ಯಾವ ಮೂಲೆ ಎಂದು ಗೆರೆ ಎಳೆದ. ನೆರೆಯೂರಿನವರೂ ಬಂದು ನೋಡಿ ತಲೆದೂಗಿದರು. ಯಜಮಾನನ ಮನೆಯ ಒಲೆಯ ಕಲ್ಲುಗಳು ಮಾತ್ರ ಇದ್ದಲ್ಲೇ ಇದ್ದವು.

ತಗ್ಗಿನ ಕಡೆಯ ಮನೆಯಲ್ಲಿ ಒಬ್ಬ ಹೆಂಗಸಿದ್ದಳು. ಅವಳ ಗಂಡ ಪಾರ್ಶ್ವವಾಯು ಹೊಡೆದು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದ. ಭಾರೀ ಆಳು. ಅವನನ್ನು ಎತ್ತಲು ನಾಲ್ಕು ಜನ ಬೇಕು. ಮಳೆಗಾಲ ಹತ್ತಿರವಾದಾಗ ಅವಳು ಚಾವಡಿಗೆ ಬಂದಳು.

"ಯಜಮಾನ್ರೇ, ಮೋಡ ಕಟ್ತಾ ಇದೆ. ನಿಮ್ಮ ಒಲೆ ಕಲ್ಲು ಎತ್ತಿಬಿಡಿ. ನೀರು ಬಂದಮೇಲೆ ಇವರನ್ನ ನಾನೊಬ್ಬಳೇ ಹೊರೋಕಾಗಲ್ಲ."

"ನೋಡೋಣ ಕಣಮ್ಮ. ಬಾವಿ ಎಲ್ಲಿ ತೋಡಬೇಕು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಇಲ್ನೋಡು, ನಿನ್ನ ಮನೆ ಇದು. ನಿನ್ನ ಗಂಡನಿಗೆ ಅಂತಲೇ ಬಿಸಿಲು ಬೀಳೋ ಕೋಣೆ ಮಾಡಿದ್ದೀನಿ."

ಅವಳು ನೋಡಿದಳು. ನಾಲ್ಕು ಸುಣ್ಣದ ಗೆರೆ. ಮನೆಗೆ ಹೋದಳು. ಎಂಟು ದಿನ ಬಿಟ್ಟು ಮತ್ತೆ ಬಂದಳು. ಆಗ ಬೀದಿಯ ಅಗಲ ತೀರ್ಮಾನವಾಗಿರಲಿಲ್ಲ. ಮೊದಲ ಹನಿ ಬಿದ್ದ ದಿನ ಮೂರನೆಯ ಸಲ ಬಂದಳು. ಗುಡಿಯ ಬಾಗಿಲು ಯಾವ ದಿಕ್ಕಿಗೆ ಎಂಬ ಚರ್ಚೆ ನಡೆದಿತ್ತು. ಮೂರು ಸಲವೂ ಅವನ ಬಾಯಿಂದ ಬಂದದ್ದು ಅದೇ ಮಾತು, ನೋಡೋಣ.

ಎಂಥ ಮಾತು ಅದು! ಇಲ್ಲ ಅಂದಿದ್ದರೆ ಅವಳು ಕಟ್ಟಳೆ ಮುರಿದಾದರೂ ಗಂಡನನ್ನು ಸಾಗಿಸುತ್ತಿದ್ದಳು. ಹೂಂ ಅಂದಿದ್ದರೆ ಊರಿಗೆ ಊರೇ ಏಳುತ್ತಿತ್ತು. ನೋಡೋಣ ಅಂದದ್ದಕ್ಕೆ ಪಾಪ, ನಂಬಿಕೊಂಡು ಕೂತಳು. ಮೂರು ಕಲ್ಲು ಎತ್ತಿಕೊಂಡು ಒಂದು ಗುಡ್ಡ ಹತ್ತುವುದು, ಇಷ್ಟೇ ಆ ಮನುಷ್ಯ ಮಾಡಬೇಕಾಗಿದ್ದ ಕೆಲಸ. ಹೇಗೂ ದಿನಾ ಹತ್ತುತ್ತಿದ್ದ. ಬರಿಗೈಯಲ್ಲಿ ಹತ್ತುತ್ತಿದ್ದ.

ಆರಿದ್ರಾ ಮಳೆಯ ಮೂರನೆಯ ದಿನ, ನಡುಮಧ್ಯಾಹ್ನ, ಹೊಳೆ ದಡ ಒಡೆದು ಹಳೆಯ ಪಾತ್ರಕ್ಕೆ ನುಗ್ಗಿತು. ಜನ ಕೂಸುಗಳನ್ನು ಎತ್ತಿಕೊಂಡು ದಿಬ್ಬದ ಕಡೆಗೆ ಓಡಿದರು. ಆ ಹೆಂಗಸು ಮನೆಮನೆಯ ಬಾಗಿಲು ಬಡಿದು ನಾಲ್ಕು ಜನರಿಗಾಗಿ ಅಂಗಲಾಚಿದಳು. ಎಲ್ಲರ ಕೈಯಲ್ಲೂ ಅವರವರದೇ ಭಾರವಿತ್ತು. ಕೊನೆಗೆ ಇಬ್ಬರು ಬಂದರು. ಅವರು ಅವಳ ಮನೆಯ ಹತ್ತಿರ ಬರುವಾಗ ನೀರು ಸೂರು ಮುಟ್ಟಿತ್ತು. ಒಳಗಿಂದ ಯಾವ ದನಿಯೂ ಬರಲಿಲ್ಲ.

ಮಳೆ ನಿಂತಿತು. ಊರೆಲ್ಲ ಚಾವಡಿಯಲ್ಲಿ ಒದ್ದೆಯಾಗಿ ನಿಂತಿತ್ತು. ಆಗ ಆ ಯಜಮಾನ ಏನಂದ ಗೊತ್ತೇ? "ನಾನು ಮೊದಲೇ ಹೇಳಿದ್ದೆನಲ್ಲ, ಹೊಳೆ ಇದೇ ದಾರಿ ಹಿಡಿಯುತ್ತೆ ಅಂತ!" ಅಂದ. ನಾಚಿಕೆ ಆಗಲಿಲ್ಲ ಅವನಿಗೆ. ತಾನು ಕಂಡದ್ದು ನಿಜವಾಯಿತು ಎಂಬ ಹೆಮ್ಮೆ ಅವನ ಮುಖದಲ್ಲಿತ್ತು.

ಆ ಹೆಂಗಸು ನೆಲ ನೋಡುತ್ತ ಬಂದಳು. ಜನರ ಕಾಲಿಗೆ ಸಿಕ್ಕಿ ಸುಣ್ಣ ಅರ್ಧ ಅಳಿಸಿತ್ತು. ತನ್ನ ಮನೆಯ ಗೆರೆಗಳನ್ನು ಹುಡುಕಿ ಅವುಗಳ ನಡುವೆ ನಿಂತಳು.

"ಯಜಮಾನ್ರೇ, ಮನೆ ಇದೆ. ಬಿಸಿಲು ಬೀಳೋ ಕೋಣೆನೂ ಇದೆ. ಇದರೊಳಗೆ ಯಾರನ್ನ ಮಲಗಿಸ್ಲಿ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಚಾವಡಿಯ ಪಕ್ಕದಲ್ಲೇ ಇದ್ದ ಅವನ ಮನೆಗೆ ಹೋದಳು. ಅಲ್ಲಿಗೆ ನೀರು ಬಂದಿರಲಿಲ್ಲ, ಒಲೆ ಉರಿಯುತ್ತಿತ್ತು. ಕೆಂಡವನ್ನು ಪಕ್ಕಕ್ಕೆ ಎಳೆದು, ಕಾದ ಮೂರು ಕಲ್ಲುಗಳನ್ನು ಒದ್ದೆ ಸೆರಗಿನಲ್ಲಿ ಸುತ್ತಿಕೊಂಡು ಗುಡ್ಡದ ದಾರಿ ಹಿಡಿದಳು. ಕಟ್ಟಳೆಯ ಮಾತನ್ನು ಯಾರೂ ಎತ್ತಲಿಲ್ಲ. ಒಬ್ಬೊಬ್ಬರಾಗಿ ಊರೆಲ್ಲ ಅವಳ ಹಿಂದೆ ನಡೆಯಿತು. ಸಂಜೆಯೊಳಗೆ ಗುಡ್ಡದ ಮೇಲೆ ಒಲೆಗಳು ಹೊತ್ತಿದವು. ಬಾವಿ ಎಲ್ಲಿ ತೋಡಬೇಕೆಂದು ಮರುದಿನ ಅಲ್ಲೇ ನಿಂತು ತೀರ್ಮಾನಿಸಿದರು. ಅದಕ್ಕೆ ಒಂದು ಗಳಿಗೆಯೂ ಬೇಕಾಗಲಿಲ್ಲ.

ಗುರುಗಳು ಕತೆ ಮುಗಿಸಿದರು.

"ಅವನು ಯಜಮಾನನೇ ಅಲ್ಲ, ಗುರುಗಳೇ," ಎಂದ ಚೆನ್ನಮಲ್ಲಯ್ಯ. ಅವನಿಗೂ ಸಿಟ್ಟು ಬಂದಿತ್ತು. "ಅಂಥವನನ್ನು ಊರು ಬಿಡಿಸಬೇಕಿತ್ತು."

ಊಟದ ಗಂಟೆ ಹೊಡೆಯಿತು. ಜನ ಎಂದಿನಂತೆ ಊಟದ ಮನೆಯೊಳಗೆ ಹೋಗಲಿಲ್ಲ. ಅಂಗಳದ ಹೊಂಗೆ ಮರದ ಕೆಳಗೆ ಎಲೆ ಹಾಕಿದ್ದರು. ಎಲ್ಲರೂ ಅಲ್ಲಿ ಸಾಲಾಗಿ ಕೂತರು. ಊಟದ ಮನೆಯ ಬಾಗಿಲಿಗೆ ಅಡ್ಡವಾಗಿ ಬಿದಿರು ಕಟ್ಟಿದ್ದರು.

"ಇವತ್ತು ಯಾಕೆ ಹೊರಗೆ ಕೂರಿಸಿದ್ದಾರೆ?" ಎಂದು ಚೆನ್ನಮಲ್ಲಯ್ಯ ಎದ್ದು ನಿಂತ.

ಗುರುಗಳು ಹೆಗಲ ಮೇಲಿನ ಗೆದ್ದಲು ಮಣ್ಣನ್ನು ಕೊಡವಿಕೊಂಡರು.

"ಮೊನ್ನೆ ಅಡುಗೆಯ ದೇವೀರಮ್ಮ ಊಟದ ಮನೆಯ ತೊಲೆಗೆ ಗೆದ್ದಲು ಹಿಡಿದದ್ದನ್ನು ತೋರಿಸಿದಾಗ, ನೀನು ಅವಳಿಗೆ ಏನಂದೆ?"