ಹಿತ್ತಿಲ ಬಾಗಿಲಿನ ಹಟ

ವಾರಿಜಮ್ಮ ಎಂಟು ದಿನಕ್ಕೆಂದು ತಂಗಿಯ ಮನೆಗೆ ಹೊರಟಿದ್ದರು. ಅಷ್ಟರಲ್ಲಿ ಹಿತ್ತಿಲ ಬಾಗಿಲು ಕಾಯುವ ಪುಟ್ಟ ಸೆನ್ಸರ್‌ನ ಬ್ಯಾಟರಿ ಮುಗಿಯುತ್ತ ಬಂತು. ಅದು ಕೀಂ ಕೀಂ ಎಂದು ಕೂಗತೊಡಗಿತು.

“ಬಾಯಿ ಮುಚ್ಚು! ಎಲ್ಲ ಸರಿಯಿದೆ ಎಂದು ಯಜಮಾನಿಗೆ ಆಗಲೇ ಹೇಳಿದ್ದೇನೆ,” ಎಂದು ಮನೆಯ ಸೆನ್ಸರ್‌ಗಳ ಪರವಾಗಿ ಯಜಮಾನಿಗೆ ವರದಿ ಕೊಡುವ ಹಜಾರದ ಸೈರನ್ ಗದರಿತು.

“ನನ್ನನ್ನು ಕೇಳದೆ ಯಾಕೆ ಹೇಳಿದೆ? ನಾಳೆಯ ಹೊತ್ತಿಗೆ ನನಗೆ ಉಸಿರಿರುವುದಿಲ್ಲ.”

“ಹೀಗೆ ಗೋಳಾಡಿದರೆ ಕಿತ್ತು ಬಿಸಾಡುತ್ತಾರೆ.”

“ಬಿಸಾಡಲಿ. ಸತ್ತ ಮೇಲೂ ಕಾಯುತ್ತಿದ್ದೇನೆಂದು ನಂಬಿಸಲಾರೆ,” ಎಂದ ಸೆನ್ಸರ್ ಉಳಿದ ಕಸುವನ್ನೆಲ್ಲ ಸೇರಿಸಿ ಇನ್ನೂ ಜೋರಾಗಿ ಕೂಗಿತು.

ಬೀಗ ಹಾಕುತ್ತಿದ್ದ ವಾರಿಜಮ್ಮನಿಗೆ ಅದು ಕೇಳಿಸಿತು. ಒಳಗೆ ಬಂದು, ಹೊಸ ಬ್ಯಾಟರಿ ಹಾಕಿ ಹೋದರು.

“ನಿನ್ನಿಂದ ನನ್ನ ಮಾತು ಸುಳ್ಳಾಯಿತು,” ಎಂದು ಸೈರನ್ ಸಿಡುಕಿತು.

“ಅದು ಮೊದಲೇ ಸುಳ್ಳಾಗಿತ್ತು. ಈಗ ನಿಜವಾಯಿತು, ಬೇಕಾದರೆ ಇನ್ನೊಮ್ಮೆ ಹೇಳು,” ಎಂದಿತು ಸೆನ್ಸರ್.