ಗಾಳಿಯ ಮರೆ

"ಮಾಸ್ತರರೇ, ಎದುರುಗಾಳಿಯಲ್ಲಿ ನನ್ನ ಬೆನ್ನಿಗೆ ಅಂಟಿಕೊಂಡು ಬರುವವರನ್ನು ಕಳಚಿಕೊಳ್ಳುವುದು ಹೇಗೆ?"

ಸಾವಂತ್ರಿ ಹೀಗೆ ಕೇಳಿದ್ದು ಸ್ಪರ್ಧೆಯ ಮರುದಿನ ಬೆಳಿಗ್ಗೆ. ಅವಳು ಟ್ರಯಥ್ಲಾನ್ ಪಟು. ಮೊದಲು ಈಜು, ನೀರಿನಿಂದೆದ್ದು ಸೈಕಲ್, ಸೈಕಲ್ಲಿನಿಂದಿಳಿದು ಓಟ. ಮೂರನ್ನೂ ನಡುವೆ ನಿಲ್ಲದೆ ಮುಗಿಸಬೇಕು. ಹಿಂದಿನ ದಿನ ನಲವತ್ತು ಕಿಲೋಮೀಟರ್ ಸೈಕಲ್ ದಾರಿಯುದ್ದಕ್ಕೂ ಅವಳೇ ಮುಂದಿದ್ದಳು. ಇಬ್ಬರು ಹುಡುಗಿಯರು ಅವಳ ಹಿಂದಿನ ಚಕ್ರದಿಂದ ಒಂದು ಮೊಳದಷ್ಟು ದೂರದಲ್ಲಿ, ಗಾಳಿಯನ್ನೆಲ್ಲ ಅವಳಿಗೆ ಬಿಟ್ಟು ಅವಳ ಮರೆಯಲ್ಲೇ ಶಕ್ತಿ ಉಳಿಸಿಕೊಂಡು ಬಂದರು. ಓಟ ಶುರುವಾದ ಮೇಲೆ ಇಬ್ಬರೂ ಅವಳನ್ನು ದಾಟಿ ಹೋದರು. ಅವಳು ಮೂರನೆಯವಳಾದಳು.

"ಇನ್ನೂ ಜೋರಾಗಿ ತುಳಿಯುವುದನ್ನು ಕಲಿಸಿ" ಎಂದಳು. "ಅವರಿಗೆ ನನ್ನ ನೆರಳೂ ಸಿಗಬಾರದು."

ಅವಳಿಗೆ ತರಬೇತಿ ಕೊಡುವ ಚನ್ನಮಲ್ಲಪ್ಪ ಮಾಸ್ತರರು ಅವಳ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ಕೈ ಒರೆಸಿಕೊಂಡು ಕಟ್ಟೆಯ ಮೇಲೆ ಕುಳಿತರು. ಅವಳನ್ನೂ ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಕಲ್ಲುಕುಟಿಗನಿದ್ದ. ಕಲ್ಲುಗಣಿಯಲ್ಲಿ ಅವನ ಕೆಲಸ. ಮಳೆನೀರು ತುಂಬಿದ ಹಳೆಯ ಗಣಿಗುಂಡಿಯಲ್ಲಿ, ದೊಡ್ಡವನಾದ ಮೇಲೆ ಈಜು ಕಲಿತವನು. ಹಾಗಾಗಿ ಈಜು ಅಷ್ಟಕ್ಕಷ್ಟೆ. ಓಟ ಪರವಾಗಿಲ್ಲ. ಸೈಕಲ್ ಮೇಲೆ ಕುಳಿತರೆ ಮಾತ್ರ ಆ ಸೀಮೆಯಲ್ಲಿ ಅವನ ಕಾಲಿನ ಬಲಕ್ಕೆ ಸಮನಾದವರು ಇರಲಿಲ್ಲ.

ಪ್ರತಿ ಸ್ಪರ್ಧೆಯಲ್ಲೂ ಒಂದೇ ರೀತಿ ನಡೆಯುತ್ತಿತ್ತು. ನೀರಿನಿಂದ ತಡವಾಗಿ ಏಳುತ್ತಿದ್ದ. ಸೈಕಲ್ ಹತ್ತಿ ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತಿದ್ದ. ಇಳಿದು ಓಡಲು ಹೊರಟರೆ ಕಾಲು ಕೊರಡಾಗಿರುತ್ತಿತ್ತು. ಹಿಂದೆ ಹಾಕಿದವರು ಒಬ್ಬೊಬ್ಬರಾಗಿ ಅವನನ್ನು ದಾಟಿ ಹೋಗುತ್ತಿದ್ದರು.

ಅವನು ಸೈಕಲ್ ರಿಪೇರಿ ಮಾಡುವ ಒಬ್ಬ ಮುದುಕನ ಹತ್ತಿರ ಹೋದ. ಮುದುಕ ಹರೆಯದಲ್ಲಿ ಸೈಕಲ್ ಪಂದ್ಯಗಳನ್ನು ಗೆದ್ದವನು. ಹಿಂದಿನ ಚಕ್ರವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ತುಳಿ ಎಂದ. ತಾನು ಕಣ್ಣು ಮುಚ್ಚಿಕೊಂಡು ಚೈನಿನ ಸದ್ದು ಕೇಳಿದ.

"ನೀನು ಸುತ್ತಿಗೆ ಬೀಸುತ್ತಿದ್ದೀಯ" ಎಂದ. "ಒಂದು ಏಟು, ಒಂದು ಬಿಡುವು. ಪೆಡಲು ಸುತ್ತು ತಿರುಗುವಂಥದ್ದು. ಕಾಲೂ ಸುತ್ತು ತಿರುಗಬೇಕು."

ಭಾರದ ಗೇರು ಬಿಡಿಸಿ ಹಗುರದ ಗೇರು ಹಾಕಿಸಿದ. ನಿಮಿಷಕ್ಕೆ ತೊಂಬತ್ತು ಸುತ್ತು ಎಣಿಸಲು ಹೇಳಿದ. ದಿನಕ್ಕೆ ಅರ್ಧ ಗಂಟೆ ಒಂದೇ ಕಾಲಿನಿಂದ ತುಳಿಸಿದ. ಒಂಟಿ ಕಾಲಿನಲ್ಲಿ ತುಳಿಯುವಾಗ, ಪೆಡಲು ಕೆಳಗಿನಿಂದ ಮೇಲೆ ಬರುವಲ್ಲಿ ಚೈನು ಸಡಿಲಾಗಿ ಠಕ್ಕೆಂದು ಬಡಿಯುತ್ತಿತ್ತು. ಆ ಸದ್ದು ನಿಲ್ಲಲು ಮೂರು ತಿಂಗಳು ಹಿಡಿಯಿತು. ಅಷ್ಟು ಹಗುರಾಗಿ ತುಳಿಯಲು ಕಲ್ಲುಕುಟಿಗನಿಗೆ ನಾಚಿಕೆಯಾಗುತ್ತಿತ್ತು. ಮೈ ನೋಯದಿದ್ದರೆ ಅದು ಕೆಲಸವೇ ಅಲ್ಲ ಎಂದು ತಿಳಿದು ಬೆಳೆದವನು ಅವನು. ಆದರೂ ಬಿಡದೆ ಮಾಡಿದ. ಕೊನೆಗೆ ಚೈನು ಒಂದೇ ಸಮನೆ ಓಡಿತು.

"ಕಾಲು ಕಲಿತಿತು. ಇನ್ನು ಕಣ್ಣು ಕಲಿಯಬೇಕು" ಎಂದ ಮುದುಕ.

ಕಲ್ಲುಕುಟಿಗನಿಗೆ ಅದು ಅರ್ಥವಾಗಲಿಲ್ಲ. ಕೇಳಲೂ ಹೋಗಲಿಲ್ಲ.

ಆಷಾಢದಲ್ಲಿ ದೊಡ್ಡ ಸ್ಪರ್ಧೆ ಬಂತು. ಅಣೆಕಟ್ಟಿನ ಹಿನ್ನೀರಿನಲ್ಲಿ ಈಜು. ದಂಡೆಯ ರಸ್ತೆಯಲ್ಲಿ ಸೈಕಲ್, ಹತ್ತು ಕಿಲೋಮೀಟರ್ ಹೋಗಿ ಹತ್ತು ಬರುವುದು, ಹೀಗೆ ಎರಡು ಸಲ. ಹೋಗುವಾಗ ಗಾಳಿ ಎದುರಿಗೆ, ಬರುವಾಗ ಬೆನ್ನಿಗೆ. ಒಬ್ಬರ ಹಿಂದೆ ಒಬ್ಬರು ಮರೆ ಹಿಡಿದು ಹೋಗಲು ನಿಯಮದಲ್ಲಿ ಅಡ್ಡಿಯಿರಲಿಲ್ಲ. ಯಾವ ವಯಸ್ಸಿನವರೂ ಸ್ಪರ್ಧಿಸಬಹುದಿತ್ತು. ಆದರೆ ರಾಜ್ಯದ ತಂಡಕ್ಕೆ ಆರಿಸುವುದು ಮೂವತ್ತರೊಳಗಿನವರಲ್ಲಿ ಮೊದಲ ಇಬ್ಬರನ್ನು ಮಾತ್ರ. ಕಲ್ಲುಕುಟಿಗನಿಗೆ ಮೂವತ್ತು ತುಂಬಲು ಎರಡು ತಿಂಗಳು ಉಳಿದಿತ್ತು. ಹಿಂದೆ ಎರಡು ಸಲ ಆಯ್ಕೆ ಅವನ ಕೈತಪ್ಪಿತ್ತು. ಇದು ಕಡೆಯ ಸಲ.

ನೀರಿನಿಂದ ಮೊದಲು ಎದ್ದವನು ಒಬ್ಬ ಅಂಬಿಗ, ಅವನೂ ಮೂವತ್ತರೊಳಗಿನವನು. ಹಿನ್ನೀರು ಅವನಿಗೆ ಮನೆಯ ಅಂಗಳವಿದ್ದಂತೆ. ಅವನು ಸೈಕಲ್ ಹತ್ತಿ ಹೋಗಿ ನಾಲ್ಕು ನಿಮಿಷವಾದ ಮೇಲೆ ಕಲ್ಲುಕುಟಿಗ ದಡ ಸೇರಿದ. ಅವನ ಜೊತೆಗೇ ಇನ್ನಿಬ್ಬರು ಎದ್ದರು. ಒಬ್ಬ ಖಾನಾವಳಿಯ ಅಡಿಗೆಯವನು. ಇಪ್ಪತ್ತೈದರ ಪ್ರಾಯ, ಓಟದಲ್ಲಿ ಎತ್ತಿದ ಕೈ. ಇನ್ನೊಬ್ಬ ಅಂಚೆಯವನು. ಅವನಿಗೆ ನಲವತ್ತೆರಡು. ಆಯ್ಕೆಗೆ ಅವನ ಹೆಸರು ಬರುವಂತಿರಲಿಲ್ಲ. ಆದರೂ ವರ್ಷ ವರ್ಷ ಬರುತ್ತಿದ್ದ.

ಕಲ್ಲುಕುಟಿಗ ಸೈಕಲ್ ಹತ್ತಿದ್ದೇ ತಡ, ಇಬ್ಬರೂ ಅವನ ಹಿಂದೆ ಮರೆ ಹಿಡಿದದ್ದನ್ನು ಕಂಡ. ಅವನಿಗೆ ಅದನ್ನು ಸಹಿಸಲಾಗಲಿಲ್ಲ. ಎದ್ದು ನಿಂತು ತುಳಿದ. ಎರಡು ಕಿಲೋಮೀಟರ್ ಕಳೆಯುವಷ್ಟರಲ್ಲಿ ಅವರು ಹಿಂದುಳಿದರು. ಒಬ್ಬನೇ ಗಾಳಿಗೆ ಎದೆಯೊಡ್ಡಿ ಹೋದ. ದಾರಿಯಲ್ಲಿ ನಾಲ್ಕಾರು ಜನರನ್ನು ದಾಟಿದ. ಮೊದಲ ಸುತ್ತು ಮುಗಿದಾಗ ಅಂಬಿಗ ಎರಡು ನಿಮಿಷವಷ್ಟೇ ಮುಂದಿದ್ದ.

ಎರಡನೆಯ ಸಲ ಗಾಳಿಯ ಕಡೆ ತಿರುಗಿದಾಗ ಅವನ ತೊಡೆ ಬಿಗಿಯಿತು. ಮೂರು ತಿಂಗಳು ಕಲಿತ ಸುತ್ತು ಮರೆತುಹೋಯಿತು. ಮತ್ತೆ ಸುತ್ತಿಗೆ ಬೀಸತೊಡಗಿದ. ಇಪ್ಪತ್ತೆರಡನೆಯ ಕಿಲೋಮೀಟರಿನಲ್ಲಿ ಹಿಂದಿನಿಂದ ಸದ್ದು ಕೇಳಿತು. ಅಂಚೆಯವನೂ ಅಡಿಗೆಯವನೂ ಸರದಿಯಂತೆ ಒಬ್ಬರಿಗೊಬ್ಬರು ಮರೆಯಾಗುತ್ತ ಬಂದು ಅವನನ್ನು ಮುಟ್ಟಿದರು. ಅವರು ದಾಟಿ ಹೋಗುತ್ತಾರೆ ಎಂದುಕೊಂಡ. ಆದರೆ ಅಂಚೆಯವನು ಪಕ್ಕಕ್ಕೆ ಬಂದು ವೇಗ ತಗ್ಗಿಸಿದ.

"ತಮ್ಮಾ, ನಮ್ಮ ಹಿಂದೆ ಬಾ. ಸ್ವಲ್ಪ ಉಸಿರು ತಗೋ."

"ನಿಮ್ಮನ್ನು ಬಿಟ್ಟು ಬಂದವನು ನಾನು" ಎಂದ ಕಲ್ಲುಕುಟಿಗ.

"ಅದು ಆಗಲೇ ಮುಗಿಯಿತು. ಅಂಬಿಗ ಇನ್ನೂ ಮುಂದಿದ್ದಾನೆ."

ಕಲ್ಲುಕುಟಿಗ ಅವರ ಹಿಂದೆ ಸರಿದ. ಇನ್ನೊಬ್ಬನ ಮರೆಯಲ್ಲಿ ಅವನು ಹೋದದ್ದು ಅದೇ ಮೊದಲು. ಕಿವಿಯೊಳಗಿನ ಗಾಳಿಯ ಸದ್ದು ನಿಂತಿತು. ಅದೇ ಗೇರು, ಅದೇ ರಸ್ತೆ, ಕಾಲು ಮಾತ್ರ ಹಗುರಾಯಿತು. ತನ್ನ ಎದುರಿನ ಬೆನ್ನನ್ನು ನೋಡಿದ. ಅಂಚೆಯವನ ಅಂಗಿ ಬೆವರಿಗೆ ಮೈಗಂಟಿತ್ತು. ತನಗೆ ಸಿಕ್ಕ ಸುಖಕ್ಕಾಗಿ ಅಲ್ಲೊಬ್ಬ ದಣಿಯುತ್ತಿದ್ದಾನೆ ಎಂಬುದು ಆಗ ಅವನ ಕಣ್ಣಿಗೆ ಕಂಡಿತು. ಇಷ್ಟು ವರ್ಷ ಅವನು ಯಾರ ಬೆನ್ನನ್ನೂ ಹೀಗೆ ನೋಡಿರಲಿಲ್ಲ.

ಉಸಿರು ಮರಳಿದ ಮೇಲೆ ಅವನಿಗೆ ಇನ್ನೊಂದು ಯೋಚನೆ ಬಂತು. ಅಡಿಗೆಯವನ ಪಕ್ಕಕ್ಕೆ ಬಂದು ನೇರವಾಗಿ ಹೇಳಿದ. "ನಿನ್ನನ್ನು ಕೊನೆಯವರೆಗೆ ಕರೆದುಕೊಂಡು ಹೋದರೆ ಓಟದಲ್ಲಿ ನೀನು ನನ್ನನ್ನು ಸೋಲಿಸುತ್ತೀಯ."

"ಹೌದಣ್ಣ, ಸೋಲಿಸುತ್ತೇನೆ" ಎಂದ ಅಡಿಗೆಯವನು. "ಒಬ್ಬೊಬ್ಬರೇ ಹೋದರೆ ಅಂಬಿಗ ಕೈಗೆ ಸಿಗುವುದಿಲ್ಲ. ಆಯ್ಕೆಯಲ್ಲಿ ಅವನ ನಂತರ ಒಂದೇ ಜಾಗ ಉಳಿಯುತ್ತದೆ. ಅದಕ್ಕೆ ನಾವಿಬ್ಬರೂ ಬಡಿದಾಡಬೇಕು."

ಅಷ್ಟು ಗಾಳಿಯಲ್ಲೂ ಕಲ್ಲುಕುಟಿಗನಿಗೆ ನಗು ಬಂತು. ತನ್ನ ಸರದಿಗೆ ಮುಂದೆ ಹೋದ.

ಹೋದವನು ಹಳೆಯ ಚಾಳಿಯಂತೆ ಜೋರಾಗಿ ಎಳೆದ. "ಮೆಲ್ಲಗೆ" ಎಂದು ಅಂಚೆಯವನು ಕೂಗಿದ. ಕಲ್ಲುಕುಟಿಗ ತೋಳಿನ ಸಂದಿನಿಂದ ಹಿಂದೆ ನೋಡಿದ. ಅಡಿಗೆಯವನು ಮೂರು ಸೈಕಲ್ ದೂರದಲ್ಲಿದ್ದ. ಅಂಚೆಯವನು ಇನ್ನೂ ಹಿಂದೆ, ತಲೆ ತಗ್ಗಿಸಿ ಒದ್ದಾಡುತ್ತಿದ್ದ. ಅವರು ಕಳಚಿಹೋದರೆ, ತನ್ನ ಸರದಿ ಮುಗಿದ ಮೇಲೆ ತನಗೆ ಮರೆ ಕೊಡುವವರು ಯಾರೂ ಉಳಿಯುವುದಿಲ್ಲ. ಗೇರು ಹಗುರ ಮಾಡಿದ. ಅವನಿಗೆ ಚೈನಿನ ಸದ್ದು ಕೇಳುವುದು ಗೊತ್ತಿತ್ತು. ಈಗ ಹಿಂದಿನವರ ಚೈನನ್ನೂ ಕೇಳತೊಡಗಿದ. ಅವರ ಸದ್ದು ಸಮನಾಗುವವರೆಗೆ ತನ್ನ ವೇಗವನ್ನು ಇಳಿಸಿದ. ಅರವತ್ತು ಸುತ್ತು ತುಳಿದು, ಪಕ್ಕಕ್ಕೆ ಸರಿದು, ಹಿಂದಕ್ಕೆ ಬಂದ. ಅಡಿಗೆಯವನು ಅರವತ್ತು ಸುತ್ತು. ಅಂಚೆಯವನು ನಲವತ್ತು. ಅವನಿಗೆ ಅಷ್ಟೇ ಆಗುತ್ತಿತ್ತು. ಯಾರೂ ಅವನನ್ನು ಹೆಚ್ಚು ಕೇಳಲಿಲ್ಲ.

ಗಾಳಿ ಬೆನ್ನಿಗೆ ಬಂದ ಮೇಲೆ ದೂರದಲ್ಲಿ ಅಂಬಿಗ ಕಂಡ. ಅವನು ಕೆಟ್ಟ ಸವಾರನೇನಲ್ಲ. ಒಬ್ಬನೇ ಇದ್ದ, ಅಷ್ಟೆ. ಅವನ ಭುಜಗಳು ಎಡಕ್ಕೂ ಬಲಕ್ಕೂ ಜೋಲುತ್ತಿದ್ದವು. ಅದನ್ನು ಮೊದಲು ಗುರುತಿಸಿದವನು ಕಲ್ಲುಕುಟಿಗ.

"ಅವನ ಕಾಲು ಸೋತಿದೆ" ಎಂದ.

"ಹಾಗಾದರೆ ರಸ್ತೆಯ ಆ ಬದಿಯಿಂದ, ಒಂದೇ ಸಲಕ್ಕೆ ದಾಟಬೇಕು" ಎಂದ ಅಂಚೆಯವನು. "ಹತ್ತಿರದಿಂದ ನಿಧಾನವಾಗಿ ಹೋದರೆ ನಮ್ಮ ಹಿಂದೆ ಮರೆ ಹಿಡಿಯುತ್ತಾನೆ. ನಾನು ಎಳೆಯುತ್ತೇನೆ. ಇಬ್ಬರೂ ನನ್ನ ಹಿಂದೆ ಬನ್ನಿ."

ಮೂವತ್ತೈದನೆಯ ಕಿಲೋಮೀಟರಿನಲ್ಲಿ ಅವನು ತನ್ನಲ್ಲಿದ್ದ ಬಲವನ್ನೆಲ್ಲ ಕೂಡಿಸಿ ತುಳಿದ. ಮೂವರೂ ಅಂಬಿಗನನ್ನು ದಾಟಿದರು. ಅಂಬಿಗ ತಲೆಯೆತ್ತಿ ನೋಡುವಷ್ಟರಲ್ಲಿ ನಡುವೆ ನೂರು ಮಾರು ಅಂತರ ಬಿದ್ದಿತ್ತು. ಅಲ್ಲಿಂದ ಒಂದು ಕಿಲೋಮೀಟರ್ ಅಂಚೆಯವನೇ ಎಲ್ಲರಿಗಿಂತ ಮುಂದಿದ್ದ. ಸೇತುವೆಯ ಏರಿನಲ್ಲಿ ಅವನ ಕಾಲು ನಿಂತಿತು.

ಕಲ್ಲುಕುಟಿಗ ಹಿಂತಿರುಗಿ ನೋಡಿ ತುಳಿಯುವುದನ್ನು ನಿಲ್ಲಿಸಿದ. ಅಂಚೆಯವನು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಕೈಯೆತ್ತಿ, ಹೋಗು ಎಂದು ಬೀಸಿದ. ಕಲ್ಲುಕುಟಿಗ ಹೋದ. ಹೋಗುವುದು ಅವನಿಗೆ ಸುಲಭವಾಗಲಿಲ್ಲ.

ಓಟದಲ್ಲಿ ಅವನ ಕಾಲು ಕೊರಡಾಗಿರಲಿಲ್ಲ. ಅಡಿಗೆಯವನು ಹೇಳಿದಂತೆಯೇ ಮೊದಲು ಬಂದ. ಕಲ್ಲುಕುಟಿಗ ಎರಡನೆಯವನಾದ. ಅಂಬಿಗ ಮೂರನೆಯವನು. ಅಂಚೆಯವನು ಒಂಬತ್ತನೆಯವನಾಗಿ, ಅರ್ಧ ನಡೆದು ಅರ್ಧ ಓಡಿ ಮುಗಿಸಿದ.

ತಂಡಕ್ಕೆ ಆಯ್ಕೆಯಾದವರ ಹೆಸರು ಓದಿದ ಮೇಲೆ ಕಲ್ಲುಕುಟಿಗ ಅವನನ್ನು ಹುಡುಕಿಕೊಂಡು ಹೋದ. ಅಂಚೆಯವನು ಬೂಟು ಕಳಚಿ, ಜಾಲಿ ಮರದ ಬುಡದಲ್ಲಿ ಕಾಲು ನೀವಿಕೊಳ್ಳುತ್ತಿದ್ದ.

"ಅಣ್ಣ, ಆಯ್ಕೆ ನಿನಗೆ ಸಿಗುವಂತಿರಲಿಲ್ಲ. ನಾನು ನಿನ್ನನ್ನು ಬಿಟ್ಟು ಹೋಗಿದ್ದವನು. ಆದರೂ ನನಗಾಗಿ ಯಾಕೆ ಎಳೆದೆ?"

ಅಂಚೆಯವನಿಗೆ ಆ ಪ್ರಶ್ನೆಯೇ ಹೊಸದೆನಿಸಿತು.

"ನಿನಗಾಗಿ ಅಂತ ನಾನು ಅಂದುಕೊಳ್ಳಲಿಲ್ಲ ತಮ್ಮಾ. ಹನ್ನೆರಡು ವರ್ಷದಿಂದ ಇಲ್ಲಿಗೆ ಬರುತ್ತಿದ್ದೇನೆ. ನನ್ನ ಮುಂದೆ ಖಾಲಿ ರಸ್ತೆ ಇದ್ದದ್ದನ್ನು ಒಮ್ಮೆಯೂ ನೋಡಿರಲಿಲ್ಲ. ಇವತ್ತು ಒಂದು ಕಿಲೋಮೀಟರ್ ನೋಡಿದೆ. ನೀವಿಬ್ಬರೂ ಇಲ್ಲದಿದ್ದರೆ ಅದು ನನಗೆಲ್ಲಿ ಸಿಗುತ್ತಿತ್ತು?"

ಕಲ್ಲುಕುಟಿಗ ಅವನ ಪಕ್ಕದಲ್ಲಿ ಕುಳಿತ. ಅವನ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಮೀನಖಂಡ ತಿಕ್ಕಿದ. ಅಂಚೆಯವನು ಬೇಡವೆನ್ನಲಿಲ್ಲ.

ಮಾಸ್ತರರು ಇಲ್ಲಿಗೆ ಕತೆ ನಿಲ್ಲಿಸಿದರು.

ಸಾವಂತ್ರಿಯ ಮುಖದಲ್ಲಿ ಸಿಟ್ಟು ಇನ್ನೂ ಇತ್ತು. "ಆ ಅಂಚೆಯವನು ಒಳ್ಳೆಯವನು ಮಾಸ್ತರರೇ. ಅವನು ಸರದಿಗೆ ಮುಂದೆ ಬಂದ" ಎಂದಳು. "ನನ್ನ ಹಿಂದಿದ್ದ ಇಬ್ಬರು ನಲವತ್ತು ಕಿಲೋಮೀಟರಿನಲ್ಲಿ ಒಂದು ಸಲವಾದರೂ ಮುಂದೆ ಬರಲಿಲ್ಲ."

ಮಾಸ್ತರರು ಅವಳ ಕಡೆ ನೋಡಿ ಮೆಲ್ಲಗೆ ಕೇಳಿದರು:

"ನೀನು ಒಂದು ಸಲವಾದರೂ ಪಕ್ಕಕ್ಕೆ ಸರಿದೆಯಾ, ಮಗಳೇ?"