ಮದುಮಗಳಿಗಿಂತ ಮಿಂಚಿದ ಕಂಪ್ಯೂಟರ್

ಅಂಗಡಿ ಕಪಾಟಲ್ಲಿ ಎರಡು ಕಂಪ್ಯೂಟರ್ ಕೂತಿದ್ವು. ಒಂದು ಸಾದಾ ಡಬ್ಬ. ಇವತ್ತೂ ಮಾರಾಟ ಆಗ್ಲಿಲ್ಲ ಅಂದ್ರೆ ಬಿಚ್ಚಿ ಹಾಕ್ತೀನಿ ಅಂತ ಯಜಮಾನ ಅದಕ್ಕೆ ಅಂದಿದ್ದ. ಇನ್ನೊಂದರ ಮೈತುಂಬಾ ಬಣ್ಣದ ಲೈಟು, ಮದುವೆ ಚಪ್ಪರಾನೇ ನಾಚಬೇಕು.

"ನಿನ್ನ ಯಾರು ತಿರುಗಿ ನೋಡ್ತಾರೆ, ಮಂಕೇ?" ಅಂತು ಲೈಟಿಂದು.

ಅಷ್ಟರಲ್ಲಿ ಮದುವೆ ಫೋಟೋ ತಿದ್ದೋ ಪಂಕಜಾಕ್ಷಿ ಕಂಪ್ಯೂಟರ್ ಕೊಳ್ಳೋಕೆ ಬಂದ್ಲು. ಲೈಟಿನದರ ಪಕ್ಕದ ಪರದೇಲಿ ತಾನು ತಿದ್ದಬೇಕಾದ ಒಬ್ಬ ಮದುಮಗಳ ಫೋಟೋ ತೆರೆದು ನೋಡಿದ್ಲು. ಲೈಟು ಪರದೆ ಮೇಲೆ ಬಿದ್ದು ಮದುಮಗಳ ಕೆನ್ನೆ ಒಂದ್ಸಲ ಹಸಿರು, ಒಂದ್ಸಲ ನೇರಳೆ.

"ಅಯ್ಯೋ, ಇದನ್ನ ನಂಬಿ ತಿದ್ದಿದ್ರೆ ಬೀಗರು ನನ್ನ ಜಡೆ ಹಿಡೀತಾರೆ!"

ಸಾದಾ ಡಬ್ಬದ ಪಕ್ಕದ ಪರದೇಲಿ ಅದೇ ಫೋಟೋ ನೋಡಿದ್ಲು. ಕೆನ್ನೇಲಿ ಹಚ್ಚಿದ ಅರಿಶಿನ ಹಚ್ಚಿದ ಹಾಗೇ ಇತ್ತು. ಆ ಸಾದಾ ಡಬ್ಬಾನೇ ಕೊಂಡು ಕಟ್ಟಿಸಿದ್ಲು.

"ಎಲ್ಲರ ಕಣ್ಣೂ ನನ್ನ ಮೇಲೇ ಇತ್ತಲ್ಲೇ!" ಅಂತ ಲೈಟಿಂದು ಗೋಳಾಡ್ತು.

"ಅವಳು ನೋಡೋಕೆ ಬಂದಿದ್ದು ಮದುಮಗಳನ್ನ ಕಣೇ," ಅಂತು ಸಾದಾ ಡಬ್ಬ.